ಮೂರು ಕಪ್ಪು ಕಲ್ಲು

ಕೊರೆಯುವ ಯಂತ್ರದ ಬೆಡ್ ಎಷ್ಟು ಸಪಾಟಾಗಿದೆ ಎಂದು ನೋಡಲು ನಾನು ಕೊರೆಯುವುದು ಠ ಅಕ್ಷರವನ್ನು. ತಲೆಕಟ್ಟಿನ ಕೆಳಗೆ ಒಂದು ದುಂಡು, ದುಂಡಿನ ನಡುವೆ ಒಂದು ಚುಕ್ಕೆ. 60 ಡಿಗ್ರಿಯ ವಿ-ಬಿಟ್ ಹಲಸಿನ ತೆಳು ಹಲಗೆಯೊಳಕ್ಕೆ ಒಂದು ಮಿಲಿಮೀಟರ್ ಇಳಿದು, ಎಡಕ್ಕೆ ವಾಲಿ, ಕೆಳಗೆ ಬಳಸಿ, ಬಲಕ್ಕೇರಿ, ಹೊರಟ ಜಾಗಕ್ಕೇ ಬಂದು ನಿಲ್ಲುತ್ತದೆ. ಬಿಟ್ಟಿನ ಮೊನೆ ಕೆಳಗೆ ಕಿರಿದು, ಮೇಲೆ ಹಿರಿದು. ಹಾಗಾಗಿ ಆಳ ಮಿಲಿಮೀಟರಿನ ಹತ್ತರಲ್ಲೊಂದು ಪಾಲು ಹೆಚ್ಚಿದರೆ ಗೆರೆಯ ಅಗಲವೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚುತ್ತದೆ. ಅದೇ ಅಕ್ಷರವನ್ನು ನಾಲ್ಕು ಮೂಲೆಯಲ್ಲೂ ನಡುವಿನಲ್ಲೂ ಕೊರೆದು, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಭೂತಗನ್ನಡಿಯಲ್ಲಿ ನೋಡುತ್ತೇನೆ. ಹೊಸದಾಗಿ ಕೊರೆದ ಹಲಸಿನ ಒಳಮೈ ಅರಿಶಿನ ಹಳದಿ. ಗೆರೆಯ ತಳದಲ್ಲಿ ನೆರಳು ಕೂತ ಕಡೆ ಮಾತ್ರ ಜೇನುಗಂದು. ಒಂದು ಮೂಲೆಯ ಠ ಮೈತುಂಬಿಕೊಂಡಿರುತ್ತದೆ. ಎದುರು ಮೂಲೆಯದ್ದು ಸೊರಗಿರುತ್ತದೆ: ಬಲಭಾಗದ ಗೆರೆ ಕೂದಲೆಳೆಯಷ್ಟಾಗಿ, ಚುಕ್ಕೆ ಇದ್ದೂ ಇಲ್ಲದ ಹಾಗೆ. ಕಣ್ಣಿಗೆ ಸಪಾಟೆಂದೇ ಕಾಣುವ ಹಲಗೆಯ ಏರಿಳಿತವನ್ನೆಲ್ಲ ಆ ಐದು ಅಕ್ಷರಗಳು ಬರೆದು ತೋರಿಸುತ್ತವೆ.

ಯಂತ್ರ ದೊಡ್ಡದೇನಲ್ಲ. ಅಲ್ಯೂಮಿನಿಯಂ ಪ್ರೊಫೈಲುಗಳನ್ನು ಜೋಡಿಸಿ ಮನೆಯಲ್ಲೇ ಕಟ್ಟಿದ್ದು. ಬೆಡ್ ಅಲುಗುವುದಿಲ್ಲ, ಅದರ ಮೇಲೆ ಗ್ಯಾಂಟ್ರಿ ಹಿಂದಕ್ಕೂ ಮುಂದಕ್ಕೂ ಹರಿಯುತ್ತದೆ, ಗ್ಯಾಂಟ್ರಿಯ ಮೇಲೆ ಸ್ಪಿಂಡಲ್ ಎಡಕ್ಕೂ ಬಲಕ್ಕೂ ಜಾರುತ್ತದೆ. ಮೋಟರುಗಳಿಗೆ ಹೆಜ್ಜೆ ಹೇಳಿಕೊಡುವುದು ಆರ್ಡುಯಿನೊ ಬೋರ್ಡಿನೊಳಗಿನ ಜಿಆರ್‌ಬಿಎಲ್. 2009ರಲ್ಲಿ ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್‌ರುಡ್ ಶುರುಮಾಡಿ ಎಲ್ಲರಿಗೂ ಬಿಟ್ಟುಕೊಟ್ಟ ತಂತ್ರಾಂಶ. ನಾನು ಅಕ್ಷರ ಕೊರೆಯುತ್ತೇನೆ, ತೋಟದ ನೀರಿನ ಮೋಟರಿಗೆ ಬೇಕಾದ ಸಣ್ಣ ಸರ್ಕಿಟ್ ಬೋರ್ಡುಗಳನ್ನೂ ಕೊರೆಯುತ್ತೇನೆ. ಆ ಬೋರ್ಡಿನ ಮೇಲಿನ ತಾಮ್ರದ ದಪ್ಪ 35 ಮೈಕ್ರಾನ್, ಅಂದರೆ ಬರೆಯುವ ಕಾಗದದ ದಪ್ಪದ ಮೂರರಲ್ಲೊಂದು ಪಾಲಿನಷ್ಟು. ಕೆಳಗಿನ ಬೆಡ್ ಒಂದು ಕಾಗದದಷ್ಟು ತಗ್ಗಿದ್ದರೂ ಬಿಟ್ಟು ತಾಮ್ರವನ್ನು ಮುಟ್ಟದೆ ಗಾಳಿಯಲ್ಲೇ ತಿರುಗಿ ಮುಂದೆ ಹೋಗುತ್ತದೆ.

ಸಾಗರದ ಕಡೆ ಆಷಾಢದ ಮಳೆ ಹಿಡಿಯಿತೆಂದರೆ ಹಂಚಿನ ಮನೆಯೊಳಗೆ ಒಣಗಿದ್ದು ಎಂಬುದೇ ಇರುವುದಿಲ್ಲ. ಉಪ್ಪು ನೀರೊಡೆಯುತ್ತದೆ, ಕಾಗದ ಮೆತ್ತಗಾಗುತ್ತದೆ, ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಆ ದಿನಗಳಲ್ಲಿ ಬೆಡ್ಡಿನ ಮೇಲಿನ ಎಂಡಿಎಫ್ ಹಲಗೆಯನ್ನು ಗಮನಿಸುತ್ತಾ ಬಂದಿದ್ದೇನೆ. ಮರದ ನಾರನ್ನು ಬಿಡಿಸಿ, ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ಬೆರೆಸಿ, ಬಿಸಿಯಲ್ಲಿ ಒತ್ತಿ ಮಾಡಿದ ಹಲಗೆ ಅದು. ಅಡ್ಡ ಕೊಯ್ದರೆ ಮೇಲೆ ಕೆಳಗೆ ಎರಡು ಗಟ್ಟಿ ಸಿಪ್ಪೆ ಕಾಣುತ್ತದೆ, ಕಡುಗಂದು ಬಣ್ಣ. ನಡುವಿನ ತಿರುಳು ತಿಳಿಗಂದು, ಕೊಂಚ ಸಡಿಲ. ಒತ್ತುವಾಗ ಚಪ್ಪಟೆಯಾದ ನಾರುಗಳು ಅಂಟಿನ ಹಿಡಿತದಲ್ಲಿ ಹಾಗೇ ಸಿಕ್ಕಿಕೊಂಡಿರುತ್ತವೆ. ತೇವ ಒಳಹೊಕ್ಕಿತೆಂದರೆ ಅವು ತಮ್ಮ ಹಳೆಯ ಮೈಗೆ ಮರಳಲು ನೋಡುತ್ತವೆ. ಮೊದಲು ಏಳುವುದು ಅಂಚು, ಏಕೆಂದರೆ ಕೊಯ್ದ ಬದಿಯಲ್ಲಿ ತಿರುಳು ತೆರೆದೇ ಇರುತ್ತದೆ. ಆಮೇಲೆ ಸ್ಕ್ರೂ ಹೊಕ್ಕ ತೂತುಗಳ ಸುತ್ತ ಉಗುರಿಗೆ ಮಾತ್ರ ಸಿಗುವ ಬಳೆಯಾಕಾರದ ಏರಿ. ಕೊನೆಗೆ ಮೈಯೆಲ್ಲ. 18 ಮಿ.ಮೀ. ಹಲಗೆ ಶ್ರಾವಣದ ಹೊತ್ತಿಗೆ ಅರ್ಧ ಮಿಲಿಮೀಟರಿನಷ್ಟು ದಪ್ಪವಾಗಿರುತ್ತದೆ. ಒಂದೇ ಮುಖದ ಸಿಪ್ಪೆಯನ್ನು ಕೀಸಿ ತೆಗೆದ ಹಲಗೆಯಾದರೆ ಆ ಮುಖವೇ ಬೇಗ ತೇವ ಕುಡಿದು ಹಿಗ್ಗುತ್ತದೆ. ನಡು ಉಬ್ಬಿ ಮೂಲೆಗಳು ಬಾಗುತ್ತವೆ. ಮಾಘದ ಒಣಗಾಳಿಗೆ ಇದೆಲ್ಲ ತಿರುಗುಮುರುಗಾಗಿ, ನಡು ಇಳಿದು ಮೂಲೆಗಳು ಏಳುತ್ತವೆ. ವರ್ಷಕ್ಕೊಂದೇ ಉಸಿರು, ಆದರೂ ಉಸಿರೇ.

ಹಲಗೆಯನ್ನು ಯಂತ್ರದ ಕೈಯಿಂದಲೇ ಕೀಸಿ ಮಟ್ಟ ಮಾಡಿಕೊಳ್ಳುವುದು ಹವ್ಯಾಸಿಗಳ ರೂಢಿ. 25 ಮಿ.ಮೀ. ಅಗಲದ ಸರ್ಫೇಸಿಂಗ್ ಬಿಟ್ ಹಾಕಿ, ಅರ್ಧ ಮಿಲಿಮೀಟರ್ ಇಳಿಸಿ, ಸಾಲು ಸಾಲಾಗಿ ಓಡಿಸಿದರೆ ತಿಳಿಗಂದು ಧೂಳು ಎದ್ದು ಹೊಸ ಮುಖ ಹೊರಬರುತ್ತದೆ. (ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮುಖಕ್ಕೆ ಮಾಸ್ಕ್ ಇಲ್ಲದೆ, ಹೀರುವ ಪೈಪಿಲ್ಲದೆ ಆ ಕೆಲಸಕ್ಕೆ ಕೈ ಹಾಕಬಾರದು.) ಸ್ಪಿಂಡಲ್ ಒಂದಿಷ್ಟು ಓರೆಯಿದ್ದರೂ ಸಾಲಿನಿಂದ ಸಾಲಿಗೆ ಸಣ್ಣ ಮೆಟ್ಟಿಲು ಉಳಿಯುತ್ತದೆ, ಕಣ್ಣಿಗೆ ಬೀಳದ ಮೆಟ್ಟಿಲನ್ನು ಬೆರಳ ತುದಿ ತಡೆದು ನಿಲ್ಲಿಸುತ್ತದೆ. ಇಷ್ಟು ಮಾಡಿದರೆ ಸಾಕು ಎನ್ನುವವರಿದ್ದಾರೆ. ತೆಳು ಹಾಳೆಗಳನ್ನು ಅಂಟಿಸಿ ಕೊರೆಯುವವರಿಗೆ ಸಾಕು ಕೂಡ. ಆದರೆ ಹಾಗೆ ಕೀಸಿದ ಮುಖ ಗ್ಯಾಂಟ್ರಿ ನಡೆದ ದಾರಿಯ ನಕಲು, ಅಷ್ಟೇ. ಗ್ಯಾಂಟ್ರಿ ಹರಿಯುವ ರೈಲು ನಡುವಿನಲ್ಲಿ ಜೋತಿದ್ದರೆ ಹಲಗೆಯೂ ಅಷ್ಟೇ ತಗ್ಗಾಗುತ್ತದೆ. ಆಮೇಲೆ ಅದೇ ಗ್ಯಾಂಟ್ರಿಗೆ ಡಯಲ್ ಗೇಜ್ ಕಟ್ಟಿ ಅದೇ ಹಲಗೆಯ ಮೇಲೆ ಎಳೆದರೆ ಮುಳ್ಳು ಅಲುಗುವುದೇ ಇಲ್ಲ. ಗಟ್ಟಿ ಮರದ ತುಂಡೊಂದನ್ನು ತಂದಿಟ್ಟಾಗ ಮಾತ್ರ ಅಡಿಯಲ್ಲಿ ಸಂದು ಕಾಣುತ್ತದೆ. ಯಂತ್ರದ ಹಂಗಿಲ್ಲದೆ ಸಪಾಟಾದ ಒಂದು ವಸ್ತು ಜೊತೆಗಿರಬೇಕು ಎಂದು ನನಗೆ ಅನಿಸತೊಡಗಿದ್ದು ಇದನ್ನು ನೋಡುತ್ತಾ ನೋಡುತ್ತಾ.

ಅಂಥ ವಸ್ತು ಎಲ್ಲಿದೆ ಎಂದು ಮನೆಯ ಸುತ್ತ ಹುಡುಕಿದ್ದೇನೆ. ಎಲೆ ಇಲ್ಲ, ಬಾಳೆ ಎಲೆಯೂ ದಿಂಡಿನ ಎರಡು ಬದಿಗೆ ಇಳಿಜಾರು. ಹೊಳೆಯ ಕಲ್ಲು ಇಲ್ಲ. ಮುರಿದ ಅಭ್ರಕದ ಹಾಳೆ ಸಪಾಟಾಗಿರುತ್ತದೆ, ಅಂಗೈ ಅಗಲಕ್ಕಿಂತ ದೊಡ್ಡದು ಸಿಗುವುದು ಅಪರೂಪ. ಉಳಿಯುವುದು ನಿಂತ ನೀರು. ನೆಟ್ಟಿಗೆ ಮೊದಲು ಗದ್ದೆಗೆ ನೀರು ಕಟ್ಟಿ, ನೀರಿನಿಂದ ತಲೆ ಎತ್ತಿದ ಮಣ್ಣನ್ನೆಲ್ಲ ಹಲಗೆಯಿಂದ ತಗ್ಗಿಗೆ ಎಳೆಯುವವರನ್ನು ನೋಡಿದರೆ ಈ ವಿದ್ಯೆಯ ತಿರುಳೆಲ್ಲ ಅಲ್ಲೇ ಇದೆ: ಎತ್ತರದ್ದು ತಾನಾಗಿ ಕಾಣುವಂತೆ ಮಾಡು, ಕಂಡದ್ದನ್ನು ಮಾತ್ರ ತೆಗೆ. ನಿಂತ ನೀರೂ ಭೂಮಿಯ ಜೊತೆ ಬಾಗುತ್ತದೆ, ನಿಜ. ಒಂದು ಮೀಟರ್ ಅಗಲದ ನೀರಿನ ನಡು ಅಂಚಿಗಿಂತ ಎತ್ತರವಿರುವುದು ಒಂದು ಮೈಕ್ರಾನಿನ ಐವತ್ತರಲ್ಲೊಂದು ಪಾಲು. ಅಷ್ಟು ಬಾಗನ್ನು ನನ್ನ ಯಾವ ಸಲಕರಣೆಯೂ ಹಿಡಿಯಲಾರದು. ಇದೇ ಆಸೆಯಿಂದ ಕೆಲವರು ಬೆಡ್ಡಿನ ಮೇಲೆ ಎಪಾಕ್ಸಿ ಸುರಿದು ನೀರಿನಂತೆ ನಿಲ್ಲಲು ಬಿಡುತ್ತಾರೆ. ಅದು ಅಂಚಿನ ಗೋಡೆಗೆ ಅಂಟಿ ಮೇಲೇರುತ್ತದೆ, ಬೆಲೆಯೂ ಏರುತ್ತದೆ. ಕಿಟಕಿಯ ಗಾಜು ಅದಕ್ಕಿಂತ ಮೇಲು. 1959ರಲ್ಲಿ ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ ಲೋಕಕ್ಕೆ ತಿಳಿಸಿದ ಕ್ರಮದಲ್ಲಿ, ಕರಗಿದ ತವರದ ಮೇಲೆ ಕರಗಿದ ಗಾಜನ್ನು ತೇಲಿಸಿ ಹರಡುತ್ತಾರೆ. ತವರ 232 ಡಿಗ್ರಿಗೇ ಕರಗುವುದರಿಂದ ಗಾಜು ಗಟ್ಟಿಯಾದ ಮೇಲೂ ಕೆಳಗೆ ದ್ರವವಾಗಿಯೇ ಇರುತ್ತದೆ. ಆದರೆ ಐದು ಮಿಲಿಮೀಟರಿನ ಗಾಜು ತಾನು ಕೂತ ಜಾಗದ ಉಬ್ಬುತಗ್ಗಿಗೆ ಒಗ್ಗಿಕೊಂಡು ಬಿಡುತ್ತದೆ.

ಕಲ್ಲು ಹಾಗಲ್ಲ. ಮತ್ತು ನಮ್ಮಲ್ಲಿ ಕಲ್ಲಿಗೆ ಬರವಿಲ್ಲ. ಅಡುಗೆಮನೆಯ ಕಟ್ಟೆಗೆ ಹಾಸುವ ಕಪ್ಪು ಗ್ರಾನೈಟಿನಲ್ಲಿ ಸಿಂಕ್ ಕೂರಿಸಲು ಒಂದು ಚೌಕ ಕೊಯ್ದು ತೆಗೆಯುತ್ತಾರೆ. ಆ ತುಂಡು ಯಾರಿಗೂ ಬೇಡ. ಗ್ರಾನೈಟ್ ಅಂಗಡಿಗಳ ಹಿಂದುಗಡೆ ಅವುಗಳ ರಾಶಿಯೇ ಇರುತ್ತದೆ; ಮಳೆನೀರು ನಿಂತು, ಪಾಚಿ ಹಿಡಿದು, ಅಂಚುಗಳ ನಡುವೆ ಸಣ್ಣ ಜರೀಗಿಡಗಳು ಹುಟ್ಟಿಕೊಂಡಿರುತ್ತವೆ. ಒಂದೇ ದಪ್ಪದ, ಬಿರುಕಿಲ್ಲದ ಮೂರನ್ನು ಆರಿಸಿ, 40 ಸೆಂಟಿಮೀಟರಿನ ಚೌಕಕ್ಕೆ ಕೊಯ್ಯಿಸಿ ತಂದೆ. ಬೆರಳ ಗಿಣ್ಣಿನಿಂದ ತಟ್ಟಿದಾಗ ಮೂರೂ ಒಂದೇ ಸ್ವರ ಕೊಡಬೇಕು. ಒಳಗೆ ಬಿರುಕಿದ್ದರೆ ಸದ್ದು ಮಂಕಾಗುತ್ತದೆ. ಒಂದೊಂದೂ ಎಂಟೂವರೆ ಕಿಲೋ ತೂಕ. ಅಂಚಿನಲ್ಲಿ ಅ, ಇ, ಉ ಎಂದು ಗೀರಿದೆ.

ವ್ಯಾಪಾರದಲ್ಲಿ ಇದನ್ನು ಕಪ್ಪು ಗ್ರಾನೈಟ್ ಎಂದು ಕರೆದರೂ ಬಹುಪಾಲು ಇದು ಡಾಲರೈಟ್. ದಕ್ಷಿಣ ಕರ್ನಾಟಕದ ಹಳೆಯ ನೈಸ್ ಶಿಲೆ ಬಿರಿದಾಗ ಆ ಸೀಳುಗಳಿಗೆ ಕೆಳಗಿನಿಂದ ಶಿಲಾಪಾಕ ನುಗ್ಗಿ ಗೋಡೆಗಳಾಗಿ ಗಟ್ಟಿಯಾಯಿತು. ಕನಕಪುರ, ಚಾಮರಾಜನಗರದ ಕಡೆ ಕಲ್ಲುಗಣಿಗಳು ಅಗೆಯುವುದು ಇಂಥ ಗೋಡೆಗಳನ್ನೇ. ಬೆಂಗಳೂರಿನ ಸುತ್ತಲಿನ ಕೆಲವು ಸುಮಾರು 237 ಕೋಟಿ ವರ್ಷ ಹಳೆಯವು. ಒಳಗಿನ ಎಳೆತ ಒತ್ತಡಗಳೆಲ್ಲ ಯಾವ ಕಾಲಕ್ಕೋ ಇಳಿದುಹೋಗಿವೆ. ಕೊಯ್ದರೂ ಮೈ ತಿರುಚಿಕೊಳ್ಳುವುದಿಲ್ಲ. ಮುರಿದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ ಕಪ್ಪು ಎನ್ನುವುದು ಪೂರ್ತಿ ಕಪ್ಪಲ್ಲ. ಹೊಗೆಬೂದಿನ ಸಣ್ಣ ಕಡ್ಡಿಗಳು ಅಡ್ಡಾದಿಡ್ಡಿ ಹೆಣೆದುಕೊಂಡಿರುತ್ತವೆ, ಅದು ಪ್ಲೇಜಿಯೊಕ್ಲೇಸ್. ಕಡ್ಡಿಗಳ ನಡುವಿನ ಸಂದುಗಳಲ್ಲಿ ಹಸಿರು ಬೆರೆತ ಕಪ್ಪು, ಅದು ಪೈರಾಕ್ಸೀನ್. ಅಲ್ಲಲ್ಲಿ ಹಿತ್ತಾಳೆ ಬಣ್ಣದ ಒಂದೊಂದು ಚುಕ್ಕೆ ಮಿಂಚಿ ಆರುತ್ತದೆ.

ಅಂಗಡಿಯ ಪಾಲಿಶ್ ಕಣ್ಣಿಗಷ್ಟೇ. ಉಕ್ಕಿನ ಪಟ್ಟಿಯೊಂದನ್ನು ಅಂಚಿನ ಮೇಲೆ ನಿಲ್ಲಿಸಿ, ಹಿಂದಿನಿಂದ ಬೆಳಕು ಬಿಟ್ಟು, ಕಣ್ಣನ್ನು ಕಲ್ಲಿನ ಮಟ್ಟಕ್ಕೆ ಇಳಿಸಿದರೆ ಅಡಿಯಲ್ಲಿ ಬೆಳಕಿನ ಎಳೆ ಕಾಣುತ್ತದೆ. ಇ ಕಲ್ಲಿನ ನಡುವಿನಲ್ಲಿ ಆ ಎಳೆ ಬಿಳಿಯಾಗಿ ಅಗಲವಾಗಿತ್ತು. ಅಂಚಿನತ್ತ ಬರುತ್ತಾ ಕಿರಿದಾಗಿ, ಕಿತ್ತಳೆಗೆ ತಿರುಗಿ, ಆರಿಹೋಗುತ್ತಿತ್ತು. ಬೈಕ್ ಗ್ಯಾರೇಜಿನವರು ಟ್ಯಾಪೆಟ್ ಸರಿಮಾಡಲು ಬಳಸುವ ಫೀಲರ್ ಗೇಜಿನ ಅತಿ ತೆಳುವಾದ ಎಲೆ, 0.05 ಮಿ.ಮೀ., ನಡುವಿನಲ್ಲಿ ಸಲೀಸಾಗಿ ನುಸುಳಿತು. ಎಲೆ ನುಸುಳದ ಕಡೆಯೂ ಬೆಳಕು ನುಸುಳುತ್ತಿತ್ತು. ಕೆಲವೇ ಮೈಕ್ರಾನಿನ ಸಂದು ಸಾಕು ಅದಕ್ಕೆ.

ಮೇಲಿನಮನೆ ದೊಡ್ಡಪ್ಪ ಬೆಂಗಳೂರಿನ ಎಚ್‌ಎಂಟಿಯಲ್ಲಿ ಸ್ಕ್ರೇಪಿಂಗ್ ಮಾಡಿ ನಿವೃತ್ತರಾದವರು. ಕಲ್ಲುಗಳನ್ನು ಜಗಲಿಯಲ್ಲಿ ಜೋಡಿಸಿಟ್ಟಿದ್ದನ್ನು ನೋಡಿ ಕೂತರು. ಸಪಾಟು ಮಾಡಲು ಎರಡು ಕಲ್ಲನ್ನು ಒಂದಕ್ಕೊಂದು ಉಜ್ಜಿದರೆ ಸಾಲದೇ ಎಂದು ಕೇಳಿದೆ. "ಎರಡೇ ಇಟ್ಕಂಡ್ರೆ ಆಗದಿಲ್ಲ ತಮ್ಮಾ. ಒಂದು ಗುಂಡಿ ಬೀಳ್ತದೆ, ಇನ್ನೊಂದು ಉಬ್ತದೆ. ಆದ್ರೂ ಎರಡೂ ಸರಿಯಾಗಿ ಕೂತ್ಕತ್ತಾವೆ. ನಿಂಗೆ ಗೊತ್ತೇ ಆಗದಿಲ್ಲ" ಎಂದರು. ದೂರದರ್ಶಕದ ಕನ್ನಡಿ ಮಾಡುವವರು ಇದನ್ನೇ ಬೇಕೆಂದು ಮಾಡುತ್ತಾರೆ: ಎರಡು ಗಾಜಿನ ಬಿಲ್ಲೆಗಳ ನಡುವೆ ಪುಡಿ ಹಾಕಿ ಉಜ್ಜುತ್ತಾ ಹೋದರೆ ಮೇಲಿನದ್ದು ಗುಳಿಬೀಳುತ್ತದೆ, ಕೆಳಗಿನದ್ದು ಉಬ್ಬುತ್ತದೆ. ಆದರೆ ಅ ಮತ್ತು ಇ, ಇ ಮತ್ತು ಉ, ಉ ಮತ್ತು ಅ, ಈ ಮೂರೂ ಜೋಡಿಗಳು ಸಂದಿಲ್ಲದೆ ಕೂರಬೇಕಾದರೆ ಯಾವುದೂ ಉಬ್ಬಿರುವಂತಿಲ್ಲ, ಯಾವುದೂ ಗುಳಿಯಿರುವಂತಿಲ್ಲ. ಒಂದಕ್ಕೆ ಒಪ್ಪುವ ಉಬ್ಬು ಇನ್ನೊಂದು ಉಬ್ಬಿಗೆ ಒಪ್ಪಲಾರದು. ಉಳಿಯುವುದು ಸಪಾಟು ಒಂದೇ. ಯಾವ ಅಳತೆಗೋಲೂ ಇಲ್ಲದೆ, ಮೂರು ಒರಟು ವಸ್ತುಗಳು ಒಂದನ್ನೊಂದು ತಿದ್ದುತ್ತಾ ತಮ್ಮಲ್ಲಿ ಯಾವುದಕ್ಕೂ ಮೊದಲಿಲ್ಲದ ಗುಣವೊಂದನ್ನು ಹುಟ್ಟಿಸಿಕೊಳ್ಳುತ್ತವೆ. ಇದನ್ನು ಕಾಗದದ ಮೇಲೆ ತಿಳಿದುಕೊಂಡಿದ್ದರೂ ಕಲ್ಲಿನಲ್ಲಿ ನಡೆಯುವುದನ್ನು ನೋಡುವ ತನಕ ನನಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ. ಹೆನ್ರಿ ಮಾಡ್ಸ್‌ಲೆಯ ಲಂಡನ್ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ಜೋಸೆಫ್ ವಿಟ್‌ವರ್ತ್ 1840ರಲ್ಲಿ ಗ್ಲಾಸ್ಗೊದಲ್ಲಿ ಸೇರಿದ ಬ್ರಿಟಿಷ್ ಅಸೋಸಿಯೇಷನ್ ಸಭೆಯಲ್ಲಿ ಸಪಾಟು ಮುಖಗಳ ಬಗ್ಗೆ ಪ್ರಬಂಧ ಓದಿದ. ಪುಡಿ ಹಾಕಿ ಉಜ್ಜುವುದನ್ನು ಅವನು ಒಪ್ಪುತ್ತಿರಲಿಲ್ಲ. ಎರಕದ ಕಬ್ಬಿಣದಲ್ಲಿ ಎತ್ತರದ ಚುಕ್ಕೆಗಳನ್ನಷ್ಟೇ ಉಳಿಯಿಂದ ಹೆರೆಯಬೇಕು ಎಂಬುದು ಅವನ ವಾದ. ದೊಡ್ಡಪ್ಪ ಬದುಕಿಡೀ ಮಾಡಿದ್ದು ಅದನ್ನೇ. ಕಲ್ಲು ಉಳಿಗೆ ಹಾಗೆ ಹೆರೆಯುವುದಿಲ್ಲವಾದ್ದರಿಂದ ನನಗೆ ಪುಡಿಯೇ ಗತಿ.

ಪುಡಿ ಸಿಲಿಕಾನ್ ಕಾರ್ಬೈಡ್, ಮೊಸಾಯಿಕ್ ನೆಲ ಉಜ್ಜುವ ಕಾರ್ಬೊರಂಡಂ ಕಲ್ಲಿನ ವಸ್ತುವೇ. 120ನೇ ನಂಬರಿನ ಕಣ ಮಿಲಿಮೀಟರಿನ ಹತ್ತರಲ್ಲೊಂದು ಪಾಲಿನಷ್ಟು ದಪ್ಪ. ಅಂಗೈಯಲ್ಲಿ ಹಾಕಿಕೊಂಡರೆ ಕಪ್ಪು, ಬಿಸಿಲಿಗೆ ಹಿಡಿದರೆ ನವಿಲುಗರಿಯ ನೀಲಿ ಹಸಿರು ಕಿಡಿಗಳು. ಕೆಳಗಿನ ಕಲ್ಲಿಗೆ ಮೊದಲು ಪೆನ್ಸಿಲಿನಿಂದ ಚೌಕುಳಿ ಗೆರೆ ಎಳೆದೆ. ಮೇಲೆ ಒಂದು ಚಿಟಿಕೆ ಪುಡಿ, ಒಂದು ಚಮಚ ನೀರು. ಒದ್ದೆಯಿದ್ದರೆ ಕಲ್ಲಿನ ಧೂಳು ಏಳುವುದಿಲ್ಲ. ಎರಡನೆಯ ಕಲ್ಲನ್ನು ಮೆಲ್ಲನೆ ಇಳಿಸಿ, ಮೂರರಲ್ಲೊಂದು ಪಾಲು ಹೊರಚಾಚುವಷ್ಟು ದೂಡಿ, ಎಳೆದು, ಮತ್ತೆ ದೂಡಿ. ಕೆಲವು ಸುತ್ತಿಗೊಮ್ಮೆ ಮೇಲಿನದ್ದನ್ನು ಕಾಲು ತಿರುವು ತಿರುಗಿಸಿ. ಈ ಕಾಲು ತಿರುವು ಬಿಟ್ಟರೆ ಮೂರೂ ಕಲ್ಲುಗಳು ಒಂದೇ ಬಗೆಯಾಗಿ ತಿರುಚಿಕೊಂಡು, ತಿರುಚು ತಿರುಚಿಗೆ ಹೊಂದಿ ಕೂರಬಲ್ಲವು. ಚೌಕವೇ ಆಗಬೇಕು ಎಂದು ಹಟ ಹಿಡಿದದ್ದು ಇದಕ್ಕೆ.

ಮೊದಲಿಗೆ ಸದ್ದು ಗರಗರ, ಹಲ್ಲು ಜುಮ್ಮೆನ್ನುವಷ್ಟು. ಕಣಗಳು ಎರಡು ಮುಖಗಳ ನಡುವೆ ಉರುಳುತ್ತಾ ಎರಡನ್ನೂ ಚುಚ್ಚುತ್ತಾ ಹೋಗುತ್ತವೆ. ಸ್ವಲ್ಪ ಹೊತ್ತಿಗೆ ಕಣಗಳೇ ಒಡೆದು ಸಣ್ಣವಾಗುತ್ತವೆ. ಗರಗರ ಇಳಿದು ಸರಸರವಾಗಿ, ಸರಸರ ಇಳಿದು ಬರೀ ಉಸಿರಿನ ಸದ್ದಾಗುತ್ತದೆ. ಬೂದುಹಸಿರಿನ ಕೆಸರು ಅಂಚಿನಿಂದ ಒಸರಿ, ಜಗಲಿಯ ಗೋಣಿತಾಟಿನ ಮೇಲೆ ತೊಟ್ಟಿಕ್ಕುತ್ತದೆ. ಆಗ ಕಲ್ಲು ಕೈಗೆ ಭಾರವಾಗುತ್ತದೆ. ನೀರಿನ ಪದರ ತೆಳುವಾಗಿ ಎರಡು ಮುಖಗಳೂ ಒಂದನ್ನೊಂದು ಹೀರಿಕೊಳ್ಳತೊಡಗಿವೆ ಎಂದು ಅರ್ಥ. ಇನ್ನೂ ದೂಡಿದರೆ ಒಂದಕ್ಕೊಂದು ಕಚ್ಚಿಕೊಂಡುಬಿಡುತ್ತವೆ. ಮೇಲಿನದ್ದನ್ನು ಅಂಚಿಗೆ ಜಾರಿಸಿ ಎತ್ತಿ, ಎರಡನ್ನೂ ತೊಳೆದು, ಒಣಗಲು ಬಿಡುತ್ತೇನೆ.

ಒಣಗುವುದನ್ನು ನೋಡಬೇಕು. ತೊಳೆದ ಕಲ್ಲು ಮೊದಲು ಎಣ್ಣೆಗಪ್ಪಾಗಿರುತ್ತದೆ. ತೇವ ಹಿಂಜರಿದಂತೆ ಅಂಚಿನಿಂದ ಬೂದಿಯ ಬಣ್ಣ ಒಳಗೆ ತೆವಳುತ್ತದೆ, ಉಜ್ಜಿದ ಕಡೆ ಮಾತ್ರ. ಉಜ್ಜದ ಕಡೆ ಅಂಗಡಿಯ ಪಾಲಿಶ್ ಹಾಗೇ ಕಪ್ಪಾಗಿ ಹೊಳೆಯುತ್ತದೆ, ಪೆನ್ಸಿಲ್ ಗೆರೆಗಳೂ ಅಲ್ಲಿ ಉಳಿದಿರುತ್ತವೆ. ಇ ಕಲ್ಲಿನ ನಡುವೆ ಮೊದಮೊದಲು ಅಂಗೈ ಅಗಲದ ಕಪ್ಪು ದ್ವೀಪವಿತ್ತು, ಒಂದು ಬದಿಗೆ ಬಾಲ ಚಾಚಿದ್ದು. ಉಜ್ಜುತ್ತಾ ಹೋದಂತೆ ಬಾಲ ತುಂಡಾಯಿತು, ದ್ವೀಪ ಎರಡಾಯಿತು, ದೊಡ್ಡದು ಹುಣಸೆಬೀಜದಷ್ಟಕ್ಕೆ ಇಳಿದು ಬಹಳ ಹೊತ್ತು ಹಟ ಹಿಡಿದು ನಿಂತಿತ್ತು. ಪುಡಿಯನ್ನು 220ಕ್ಕೂ ಆಮೇಲೆ 400ಕ್ಕೂ ಬದಲಿಸುತ್ತಾ, ಮೇಲಿದ್ದುದನ್ನು ಕೆಳಗೆ, ಕೆಳಗಿದ್ದುದನ್ನು ಮೇಲೆ ಮಾಡುತ್ತಾ, ಅ–ಇ, ಇ–ಉ, ಉ–ಅ ಎಂದು ಸುತ್ತು ಹಾಕುತ್ತಾ, ಮಳೆಗಾಲದ ಸಂಜೆಗಳು ಹೀಗೇ ಹೋದವು. ಅವಸರವಿದ್ದವರಿಗೆ ಈ ಕೆಲಸ ಹೇಳಿದ್ದಲ್ಲ. ಕೊನೆಕೊನೆಗೆ ಮೂರು ಕಲ್ಲಿನ ಬೂದುಬಣ್ಣವೂ ಒಂದೇ ಆಯಿತು; ಓರೆ ಬೆಳಕಿನಲ್ಲಿ ಮೋಡ ಕವಿದ ಬೆಳಗಿನ ಬಣ್ಣ.

ಒಪ್ಪಿವೆಯೋ ಇಲ್ಲವೋ ಎಂದು ತಿಳಿಯಲು ಬಣ್ಣ ಹಚ್ಚಬೇಕು. ಕಾರ್ಖಾನೆಗಳಲ್ಲಿ ಇದಕ್ಕೆ ಪ್ರಷ್ಯನ್ ಬ್ಲೂ. ಅದಕ್ಕೂ ಹಿಂದೆ ಕೆಂಪು ಸೀಸ, ಕಾವಿಮಣ್ಣು ನಡೆಯುತ್ತಿದ್ದವು. ಗಾಢ ಬೂದು ಕಲ್ಲಿನ ಮೇಲೆ ನೀಲಿ ಮುಳುಗಿಹೋಗುತ್ತದೆ, ಕಾವಿ ಎದ್ದು ಕಾಣುತ್ತದೆ. ಬಟ್ಟೆಯಲ್ಲಿ ಶೋಧಿಸಿದ ಕಾವಿಯನ್ನು ಒಂದು ಹನಿ ಹರಳೆಣ್ಣೆಯಲ್ಲಿ ಅರೆದು, ಅ ಕಲ್ಲಿನ ಮೇಲೆ ಅಂಗೈಯಿಂದ ಎಷ್ಟು ತೆಳುವಾಗಿ ಸವರಬಹುದೋ ಅಷ್ಟು ತೆಳುವಾಗಿ ಸವರಿ, ಉ ಕಲ್ಲನ್ನು ಮಗುಚಿ ಇಟ್ಟು, ಒಂದೆರಡು ಬೆರಳಗಲ ಮಾತ್ರ ಜರುಗಿಸಿ ಎತ್ತಿದೆವು. ಉ ಕಲ್ಲಿನ ಮೈಮೇಲೆ ಇಟ್ಟಿಗೆಗೆಂಪಿನ ಚುಕ್ಕೆಗಳು ಬಂದಿದ್ದವು. ದೊಡ್ಡಪ್ಪ ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದರು. ಸುಮ್ಮನೆ ಕೆಂಪಾಗಿರುವ ಚುಕ್ಕೆಗಳನ್ನು ಬಿಟ್ಟು, ಸುತ್ತ ಕೆಂಪು ಬಳೆಯಿದ್ದು ನಡು ಬೋಳಾಗಿ ಹೊಳೆಯುವ ಒಂದು ಚುಕ್ಕೆಯನ್ನು ಬೆರಳಿಟ್ಟು ತೋರಿಸಿದರು. ಬಣ್ಣವನ್ನೂ ಹೊರಕ್ಕೆ ತಳ್ಳುವಷ್ಟು ಒತ್ತಡ ಅಲ್ಲಿ ಬಿದ್ದಿದೆ, ಎಲ್ಲಕ್ಕಿಂತ ಎತ್ತರ ಅದೇ. ಮೊದಲ ಸಲ ಚುಕ್ಕೆಗಳು ಒಂದು ಕರ್ಣದ ಉದ್ದಕ್ಕಷ್ಟೇ ಇದ್ದವು. ಮತ್ತೆ ಉಜ್ಜಿ, ಮತ್ತೆ ತೊಳೆದು, ಮತ್ತೆ ಸವರಿ ನೋಡುತ್ತಾ ಹೋದಂತೆ ಅವು ಬದಿಗಳಿಗೆ ಹರಡಿ, ಸಣ್ಣವಾಗಿ, ಒತ್ತೊತ್ತಾಗಿ, ಮೂಲೆಯಿಂದ ಮೂಲೆಗೆ ಒಂದೇ ಸಮ ಕವಿದುಕೊಂಡವು. ಉಕ್ಕಿನ ಪಟ್ಟಿ ನಿಲ್ಲಿಸಿದರೆ ಅಡಿಯಲ್ಲಿ ಬೆಳಕು ಕಾಣಲಿಲ್ಲ.

ಕಲ್ಲಿನ ಅಳತೆಮಣೆ ಹೊಸದೇನಲ್ಲ, ಬಹಳ ಹಳೆಯದೂ ಅಲ್ಲ. 1942ರಲ್ಲಿ, ಯುದ್ಧದಿಂದ ಲೋಹಕ್ಕೆ ತತ್ವಾರವಾದಾಗ, ಅಮೆರಿಕದ ಡೇಟನ್ನಿನಲ್ಲಿ ಸ್ಮಾರಕದ ಕಲ್ಲುಗಳನ್ನೂ ಕೆತ್ತಿಸುತ್ತಿದ್ದ ವಾಲೇಸ್ ಹರ್ಮನ್ ಕಬ್ಬಿಣದ ಸರ್ಫೇಸ್ ಪ್ಲೇಟಿಗೆ ಬದಲಾಗಿ ಗ್ರಾನೈಟ್ ಹಿಡಿದ. ಕಬ್ಬಿಣಕ್ಕಿಲ್ಲದ ಒಂದು ಗುಣ ಕಲ್ಲಿಗಿದೆ: ಮೇಲೆ ಏನಾದರೂ ಬಿದ್ದರೆ ಕಬ್ಬಿಣದಲ್ಲಿ ಗುಳಿಯ ಸುತ್ತ ಏರಿ ಏಳುತ್ತದೆ, ಕಲ್ಲಿನಲ್ಲಿ ಚಕ್ಕೆ ಹಾರಿ ಬರೀ ಗುಳಿ ಉಳಿಯುತ್ತದೆ. ಗುಳಿ ಅಳತೆಗೆ ಅಡ್ಡಬರುವುದಿಲ್ಲ. ಬಿಸಿಗೆ ಹಿಗ್ಗುವುದೂ ಉಕ್ಕಿಗಿಂತ ಕಡಿಮೆ.

ಅ ಕಲ್ಲು ಯಂತ್ರದೊಳಗೆ ಹೋಯಿತು. ನಾಲ್ಕು ಮೂಲೆಗೆ ನಾಲ್ಕು ಆನಿಕೆ ಕೊಟ್ಟರೆ ಒಂದು ಯಾವಾಗಲೂ ಹುಸಿ; ಆದ್ದರಿಂದ ಮೂರೇ ಬೋಲ್ಟು, ಎರಡು ಹಿಂದೆ, ಒಂದು ಮುಂದೆ, ಅಂಚಿನಿಂದ ಒಳಸರಿದು. ತುದಿಯಲ್ಲಿ ಆನಿಸಿದರೆ 18 ಮಿ.ಮೀ. ದಪ್ಪದ ಕಲ್ಲೂ ತನ್ನ ತೂಕಕ್ಕೆ ತಾನೇ ನಾಲ್ಕೈದು ಮೈಕ್ರಾನ್ ಜೋಲುತ್ತದೆ. ರಸಮಟ್ಟ ಇಟ್ಟು ನೋಡುವ ಅಗತ್ಯವಿಲ್ಲ. ಮೇಜು ಓರೆಯಿದ್ದರೂ ಅಡ್ಡಿಯಿಲ್ಲ, ಗ್ಯಾಂಟ್ರಿಗೆ ಸರಿಯಾಗಿದ್ದರೆ ಆಯಿತು. ಸ್ಪಿಂಡಲಿಗೆ ಡಯಲ್ ಗೇಜ್ ಕಟ್ಟಿ, ಮೂರು ಬೋಲ್ಟುಗಳನ್ನು ಇಷ್ಟಿಷ್ಟೇ ತಿರುವುತ್ತಾ, ಮೂರು ಆನಿಕೆಗಳ ಮೇಲೆ ಮುಳ್ಳು ಒಂದೇ ಕಡೆ ನಿಲ್ಲುವಂತೆ ಮಾಡಿದೆ. ಆಮೇಲೆ ಗ್ಯಾಂಟ್ರಿಯನ್ನು ಮೆಲ್ಲಗೆ ಹಿಂದಿನಿಂದ ಮುಂದಕ್ಕೆ ನಡೆಸಿದೆ. ಮುಳ್ಳು ಹೊರಟಿತು: ಒಂದು ಗೆರೆ, ಮೂರು ಗೆರೆ, ಆರು, ನಡುವಿನಲ್ಲಿ ಒಂಬತ್ತರ ತನಕ ಹೋಗಿ, ತಿರುಗಿ, ಇಳಿಯುತ್ತಾ ಬಂದು ಸೊನ್ನೆಗೆ ನಿಂತಿತು. ಒಂದು ಗೆರೆ ಎಂದರೆ 0.01 ಮಿ.ಮೀ. ರೈಲು ನಡುವಿನಲ್ಲಿ ಒಂದು ಕಾಗದದಷ್ಟು ಜೋತಿದೆ. ಇಷ್ಟು ಕಾಲ ಹಲಗೆ ಕೀಸಿಕೊಂಡು ಕೆಲಸ ಮಾಡುತ್ತಿದ್ದಾಗ ಈ ಬಾಗು ಯಂತ್ರ ಮತ್ತು ಹಲಗೆಯ ನಡುವೆಯೇ ಇತ್ತು, ಹೊರಗೆ ಕಾಣಲು ಅದಕ್ಕೆ ದಾರಿಯಿರಲಿಲ್ಲ. ರೈಲಿನ ಅಡಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲಿನ ಚೂರುಗಳನ್ನು ಒಂದೊಂದೇ ಸೇರಿಸಿದೆ. ಒಂದು ಪದರ ಮಿಲಿಮೀಟರಿನ ನೂರರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಪದರ ಹಾಕಿದಂತೆ ಮುಳ್ಳಿನ ಅಲೆದಾಟ ಒಂಬತ್ತರಿಂದ ಐದಕ್ಕೆ, ಐದರಿಂದ ಎರಡಕ್ಕೆ ಇಳಿಯಿತು.

ಬಿಟ್ಟು ಕಲ್ಲಿಗೆ ತಾಗಬಾರದು, ಆದ್ದರಿಂದ ಹಲಗೆ ಬೇಕೇ ಬೇಕು. ಈಗ ಅದು 12 ಮಿ.ಮೀ. ಎಂಡಿಎಫ್. ಎರಡೂ ಮುಖಗಳನ್ನು ಸಮವಾಗಿ ಕೀಸಿ, ಎರಡಕ್ಕೂ ಅರಗಿನ ಪಾಲಿಶ್ ಹಚ್ಚಿ, ಅಂಚಿಗೆ ಇನ್ನೊಂದು ಕೈ ಹೆಚ್ಚು ಹಚ್ಚಿದ್ದೇನೆ. ಅರಗು ತೇವವನ್ನು ತಡೆಯುವುದಿಲ್ಲ, ನಿಧಾನ ಮಾಡುತ್ತದೆ; ಎರಡು ಕಡೆಯೂ ಒಂದೇ ನಿಧಾನವಾದರೆ ಹಲಗೆ ಬಾಗದೆ ಹಿಗ್ಗುತ್ತದೆ. ನಡುವಿನಲ್ಲಿ ಮಾತ್ರ ಕಲ್ಲಿಗೆ ಅಂಟುಪಟ್ಟಿ, ಅಂಚುಗಳು ಕ್ಲಾಂಪಿನ ಕೆಳಗೆ ಹಿಗ್ಗಲು ಕುಗ್ಗಲು ಬಿಡುವು. ಮಳೆ ಹಿಡಿದ ಮೇಲೊಮ್ಮೆ, ಚಳಿ ಮುಗಿದ ಮೇಲೊಮ್ಮೆ ತೆಳುವಾಗಿ ಕೀಸುತ್ತೇನೆ. ಕೀಸುವ ಮೊದಲು ಡಯಲ್ ಇಟ್ಟು ಹಲಗೆಯ ನಕ್ಷೆ ಬರೆದುಕೊಳ್ಳುತ್ತೇನೆ, ಎಲ್ಲಿ ಎಷ್ಟು ಎದ್ದಿದೆ, ಎಲ್ಲಿ ತಗ್ಗಿದೆ ಎಂದು. ಕಲ್ಲು ಕೆಳಗಿರುವುದರಿಂದ ಆ ಅಂಕಿಗಳು ಈಗ ಹಲಗೆಯದ್ದೇ. ಮೂರು ಕಲ್ಲು, ಕೊಯ್ಯಿಸಿದ ಕೂಲಿ, ಪುಡಿ ಎಲ್ಲ ಸೇರಿ ಒಂದು ಒಳ್ಳೆಯ ಬಿಟ್ಟಿನ ಬೆಲೆಯೂ ಆಗಲಿಲ್ಲ. ಇ ಕಲ್ಲು ದೊಡ್ಡಪ್ಪನ ಮನೆಯಲ್ಲಿದೆ; ಉಳಿಗಳಿಗೆ ಸಾಣೆ ಹಿಡಿಯುವಾಗ ಮಸೆಕಾಗದವನ್ನು ಅದರ ಮೇಲೆ ಹಾಸಿಕೊಳ್ಳುತ್ತಾರೆ. ಉ ಕಲ್ಲನ್ನು ಬಟ್ಟೆ ಸುತ್ತಿ ಇಟ್ಟಿದ್ದೇನೆ, ಮುಂದೆ ಅ ಸವೆದರೆ ಹೋಲಿಸಿ ನೋಡಲು.

ಈಚೆಗೆ ನೋಡುತ್ತಿರುವುದು ಸ್ಪಿಂಡಲಿನ ಬಿಸಿಯನ್ನು. ಬೆಳಿಗ್ಗೆ ತಣ್ಣಗಿರುವಾಗ ಬಿಟ್ಟಿನ ಮೊನೆಯಿಂದ ಕಲ್ಲಿನ ತನಕ ಇರುವ ಎತ್ತರವನ್ನು ಅಳೆದು, ಸ್ಪಿಂಡಲನ್ನು ತಿರುಗಲು ಬಿಟ್ಟು, ನಿಲ್ಲಿಸಿ ಮತ್ತೆ ಅಳೆದರೆ ಮೊನೆ ಕೆಳಗಿಳಿದಿರುತ್ತದೆ. ಸ್ಪಿಂಡಲನ್ನು ಹಿಡಿದಿರುವ ಅಲ್ಯೂಮಿನಿಯಂ ಬ್ರಾಕೆಟ್ ಹತ್ತು ಸೆಂಟಿಮೀಟರಿಗೆ ಒಂದು ಡಿಗ್ರಿಗೆ ಎರಡು ಮೈಕ್ರಾನಿಗಿಂತ ಹೆಚ್ಚು ಹಿಗ್ಗುತ್ತದೆ, ಒಳಗಿನ ದಂಡವೂ ಬಿಸಿಗೆ ಉದ್ದವಾಗುತ್ತದೆ. ಮೊದಲು ಬೇಗಬೇಗ, ಆಮೇಲೆ ತಡೆತಡೆದು, ಕೊನೆಗೆ ಮುಳ್ಳು ಒಂದೇ ಗೆರೆಗೆ ಮರಳುವಲ್ಲಿಗೆ ಇಳಿತ ನಿಲ್ಲುತ್ತದೆ. ಚೈತ್ರದ ಸೆಖೆಯಲ್ಲಿ ಅದು ಬೇಗ ನಿಲ್ಲುತ್ತದೆ, ಪುಷ್ಯದ ಬೆಳಗಿನಲ್ಲಿ ತಡ. ತಾಮ್ರದ ಬೋರ್ಡು ಕೊರೆಯುವ ದಿನ ಅದು ನಿಂತ ಮೇಲೆಯೇ ಬಿಟ್ಟಿಗೆ ಸೊನ್ನೆ ಕೊಡುತ್ತೇನೆ.